ಗಟ್ಟಿ ಪೆಡಲ್

ಸೆಪ್ಟೆಂಬರ್ 2, ಮಂಗಳವಾರ

ಇವತ್ತು ಶಾಲೆಯ ಮುಂದಿನ ಕ್ರಾಸಿಂಗಿನಲ್ಲಿ ಕಾರು ಬಿಳಿ ಗೆರೆ ದಾಟಿ ನಿಂತಿತು. ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸು ಅರ್ಧದಲ್ಲೇ ನಿಂತು ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ. ಬರೀ ನೋಡಿ, ಗಾಡಿಯನ್ನು ಕಾರಿನ ಮೂತಿಯ ಸುತ್ತ ಬಳಸಿಕೊಂಡು ಹೋದಳು. ನಾನು ಸರಿಯಾದ ಜಾಗದಲ್ಲೇ ಬ್ರೇಕ್ ಒತ್ತಿದ್ದೆ. ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಎಲ್ಲಿ ಒತ್ತಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರೇಕೇ ಹಿಡಿಯಲಿಲ್ಲ.

ಹಾಗೆ ನೋಡಿದರೆ ಬೇಸಿಗೆಯಿಂದಲೇ ಅದು ಕೈಕೊಡುತ್ತಾ ಬಂದಿದೆ. ನಾನೇ ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ಮನೆಗೆ ಅಕ್ಕಿ ಬೇಳೆ ತರುವ ಕಾರಾಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇದು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಎರಡು ಬಾಗಿಲಿನ ಕಾರು, ಇಂಜಿನ್ ಮಾತ್ರ ಲಾರಿ ಎಳೆಯುವಷ್ಟು. ಹಲ್ಲಿನ ಡಾಕ್ಟರಿಗೆ ಇಂಥ ಕಾರು ಯಾಕೆ ಎಂದು ಕೇಳದವರಿಲ್ಲ. ವಾರವೆಲ್ಲ ಇನ್ನೊಬ್ಬರ ಬಾಯೊಳಗೆ ಅಂಗುಲದಷ್ಟು ಜಾಗದಲ್ಲಿ ಕೈಯಾಡಿಸಿ ನೋಡಿ, ಆಮೇಲೆ ಕೇಳಿ ಎನ್ನುತ್ತೇನೆ. ಹೆಂಡತಿ ಇದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಾಳೆ. ಭಾನುವಾರ ನಾನು ಬಕೆಟ್ಟು ಹಿಡಿದು ಹೊರಟರೆ, ಸವತಿಗೆ ಸ್ನಾನವೋ ಎಂದು ಕೇಳುತ್ತಾಳೆ.

ನವೆಂಬರ್ ಎರಡಕ್ಕೆ ನಮ್ಮ ಕಾರು ಕ್ಲಬ್ಬಿನ ಬೆಟ್ಟದ ಓಟವಿದೆ. ಅಷ್ಟರೊಳಗೆ ಒಳ್ಳೆಯ ಬ್ರೇಕ್ ಹಾಕಿಸಬೇಕು. ಏನೇನು ಮಾಡಿಸಿದೆ, ಯಾವುದು ಹೇಗೆ ಹಿಡಿಯಿತು ಎಂದು ಬರೆದಿಟ್ಟುಕೊಳ್ಳೋಣ ಎಂದು ಇದನ್ನು ಶುರು ಮಾಡಿದ್ದೇನೆ.

ಸೆಪ್ಟೆಂಬರ್ 5, ಶುಕ್ರವಾರ

ಗ್ಯಾರೇಜಿಗೆ ಹೋಗಿದ್ದೆ. ನಮ್ಮ ಮೆಕ್ಯಾನಿಕ್‌ಗೆ ಪ್ರೊಫೆಸರ್ ಎಂದು ಅಡ್ಡಹೆಸರು. ಒಂದು ಪ್ರಶ್ನೆ ಕೇಳಿದರೆ ಪಾಠವನ್ನೇ ಮಾಡುತ್ತಾನೆ. ಇವತ್ತು ಮಾತ್ರ ಮಾತು ಕಡಿಮೆ. ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ, ಚಕ್ರ ಬಿಚ್ಚಿ ನೋಡಿದ, ಕೈ ಒರೆಸಿಕೊಂಡ. ಚಕ್ರ ಹಿಡಿದು ನಿಲ್ಲಿಸುವ ಪ್ಯಾಡ್‌ಗಳು ಇನ್ನೂ ಒಂದು ವರ್ಷ ಬರುತ್ತವೆ, ಬೇಕಾದರೆ ಹೊಸದು ಹಾಕೋಣ ಎಂದ. ಬೇಕಾದರೆ ಎಂದರೇನು? ಬೇಡದಿದ್ದರೆ ನಾನೇಕೆ ಬರುತ್ತಿದ್ದೆ?

ಮೇಜಿನ ಮೇಲೆ ಮೂರು ಥರದ ಪ್ಯಾಡ್ ಹರಡಿದ. ಒಂದು, ಕಾರಿನ ಕಂಪನಿಯದೇ. ಮೆತ್ತನೆಯದು, ಕಾಲು ಸೋಕಿದರೆ ಸಾಕು ಹಿಡಿಯುತ್ತದೆ, ಆದರೆ ಬೆಟ್ಟ ಇಳಿಯುವಾಗ ಕಾದು ಸೋಲುತ್ತದೆ. ಇನ್ನೊಂದು ರೇಸಿನದು. ಅದು ತಣ್ಣಗಿರುವಾಗ ಹಿಡಿಯುವುದೇ ಇಲ್ಲ, ಕಾದಷ್ಟೂ ಕಚ್ಚುತ್ತದೆ. ಮೂರನೆಯದು ಇವೆರಡರ ನಡುವಿನದು. ನನಗೆ ಮೊದಲಿಂದಲೂ ಗಟ್ಟಿ ಪೆಡಲ್ ಇಷ್ಟ. ಒತ್ತಿದರೆ ಒತ್ತಿದಷ್ಟೇ ಹಿಡಿಯಬೇಕು, ಅಂಗಾಲಿಗೆ ಲೆಕ್ಕ ಸಿಗಬೇಕು. ಮೆತ್ತನೆ ಪೆಡಲ್ ಎಂದರೆ ಹೂಗುಟ್ಟುವ ನೆಂಟನ ಹಾಗೆ, ಎಲ್ಲದಕ್ಕೂ ಹೂಂ ಎನ್ನುತ್ತದೆ, ಯಾವುದನ್ನೂ ನಂಬುವಂತಿಲ್ಲ. ರೇಸಿನದನ್ನೇ ಹಾಕು ಎಂದೆ. ಪ್ರೊಫೆಸರ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಬಾಯಿ ತೆರೆದು ಮುಚ್ಚುವವರನ್ನು ನಾನು ದಿನವಿಡೀ ನೋಡುತ್ತೇನೆ, ಇವನದು ಸೋಮಾರಿತನವೇ.

ಸಂಜೆ ಕ್ಲಿನಿಕ್ಕಿಗೆ ನಿವೃತ್ತ ನ್ಯಾಯಾಧೀಶರು ಬಂದಿದ್ದರು. ಕೆಳಗಿನ ದವಡೆಹಲ್ಲು ಕೀಳಿಸಬೇಕಂತೆ. ನೋಡಿದರೆ ಆ ಹಲ್ಲು ಕಲ್ಲಿನ ಹಾಗಿದೆ. ಹುಳುಕು ಇದ್ದದ್ದು ಮೇಲಿನ ಹಲ್ಲಿನಲ್ಲಿ. ನೋವು ಒಂದು ಕಡೆ, ಹುಳುಕು ಇನ್ನೊಂದು ಕಡೆ. ದವಡೆಯಲ್ಲಿ ಇದು ಮಾಮೂಲು ಎಂದು ಎಷ್ಟು ಹೇಳಿದರೂ ಕೇಳಲೊಲ್ಲರು. ನೋವು ಯಾರಿಗೆ, ನಿಮಗೋ ನನಗೋ ಎಂದು ದಬಾಯಿಸಿದರು. ಜೀವನವಿಡೀ ತೀರ್ಪು ಕೊಟ್ಟವರು, ತಮ್ಮ ಹಲ್ಲಿಗೂ ಕೊಟ್ಟುಬಿಟ್ಟಿದ್ದಾರೆ. ಕೀಳದೆ ಮಾತ್ರೆ ಬರೆದು ಕಳಿಸಿದೆ.

ಸೆಪ್ಟೆಂಬರ್ 11, ಗುರುವಾರ

ಹೊಸ ಪ್ಯಾಡ್ ಕೂತಿವೆ. ಹಾಕಿದ ಕೂಡಲೇ ಹಾಗೇ ಓಡಿಸುವಂತಿಲ್ಲ, ಪಳಗಿಸಬೇಕು. ಗೋಡೌನುಗಳ ಹಿಂದಿನ ಖಾಲಿ ರಸ್ತೆಯಲ್ಲಿ ವೇಗ ಏರಿಸುವುದು, ಜೋರಾಗಿ ಒತ್ತುವುದು, ಪೂರ್ತಿ ನಿಲ್ಲುವ ಮೊದಲು ಬಿಡುವುದು, ಮತ್ತೆ ಏರಿಸುವುದು. ಹೀಗೆ ಮಾಡುತ್ತಾ ಹೋದರೆ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಅದು ಬಂದರೆ ಪ್ಯಾಡ್ ಪಳಗಿತು ಎಂದು ಅರ್ಥ. ನಾನು ಎಷ್ಟು ಒತ್ತಿದರೂ ವಾಸನೆ ಬರಲೇ ಇಲ್ಲ. ಆಮೇಲೆ ಪ್ರೊಫೆಸರ್ ಕೂತು ಎರಡು ಸಲ ಒತ್ತಿದ್ದೇ ತಡ, ಗಬ್ಬೆಂದು ಬಂತು. ನಾನು ಆಗಲೇ ಕಾಯಿಸಿಟ್ಟಿದ್ದೆನಲ್ಲ, ಕೀರ್ತಿ ಅವನಿಗೆ.

ಬೆಳಿಗ್ಗೆ ಹೊತ್ತು ಏನೂ ಹಿಡಿಯುವುದಿಲ್ಲ. ರೇಸಿನ ಪ್ಯಾಡ್ ತಣ್ಣಗಿರುವಾಗ ಹಾಗೇ ಎಂದು ಗೊತ್ತಿದ್ದದ್ದೇ. ಆದರೆ ಸಂಜೆಯೂ ಅಷ್ಟಕ್ಕಷ್ಟೇ.

ಮನೆಯ ಜಮಖಾನದ ಅಂಚು ಮಡಚಿಕೊಂಡಿದೆ. ಮೂರು ಸಲ ಎಡವಿದೆ. ತೆಗೆದುಹಾಕು ಎಂದು ಹೆಂಡತಿಗೆ ಹೇಳಿದೆ. ಅವಳು ಬಗ್ಗಿ ನೋಡಿ, ಎಲ್ಲೂ ಮಡಚಿಲ್ಲವಲ್ಲ ಎಂದಳು. ಆದರೂ ಸುತ್ತಿಟ್ಟಳು.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಸುವರ್ಣಾಕ್ಷರದಲ್ಲಿ ಬರೆಯಬೇಕಾದ ದಿನ. ಬೆಟ್ಟದ ಓಟಕ್ಕೆ ಬಾ, ಪಕ್ಕದಲ್ಲಿ ಕೂತರೆ ಸಾಕು ಎಂದು ವರ್ಷವರ್ಷವೂ ಹೆಂಡತಿಯ ಹಿಂದೆ ಬೀಳುತ್ತಿದ್ದೆ. ಸವತಿಯ ತೊಡೆಯ ಮೇಲೆ ನಾನ್ಯಾಕೆ ಕೂರಲಿ ಎನ್ನುತ್ತಿದ್ದವಳು, ಇವತ್ತು ಪೇಪರಿನಿಂದ ತಲೆ ಕೂಡ ಎತ್ತದೆ, ಬರ್ತೀನಿ ಎಂದಳು. ಮೊದಲು ನನಗೆ ಕೇಳಿಸಿದ್ದೇ ಸುಳ್ಳು ಎಂದುಕೊಂಡೆ. ಓಟಕ್ಕೆ ಮಾತ್ರವಲ್ಲ, ಅಭ್ಯಾಸಕ್ಕೂ ಬರುತ್ತಾಳಂತೆ. ಇನ್ನು ಮೇಲೆ ನಾನು ಕಾರು ತೆಗೆದಾಗಲೆಲ್ಲ ಬರುತ್ತಾಳಂತೆ!

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಯಾವುದನ್ನೂ ಬುಡದಿಂದಲೇ ಕಲಿಯುವ ಚಾಳಿ. ಇಂಜಿನ್ ಬಿಟ್ಟು ಬ್ರೇಕಿನ ಬಗ್ಗೆ ಕೇಳಿದಳು. ಕಾಲಿನ ಬ್ರೇಕ್ ನಾಲ್ಕೂ ಚಕ್ರ ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ತಂತಿಯಿಂದ ಹಿಂದಿನ ಎರಡನ್ನು ಮಾತ್ರ, ಅದು ನಿಲ್ಲಿಸಿದ ಕಾರು ಉರುಳದಿರಲಿ ಎಂದು ಇರುವುದು ಎಂದು ವಿವರಿಸಿದೆ. ಓಡುವಾಗ ಎಳೆದರೆ ಏನಾಗುತ್ತದೆ ಎಂದು ಕೇಳಿದಳು. ಹಿಂಭಾಗ ಅಡ್ಡ ತಿರುಗುತ್ತದೆ ಎಂದೆ. ನಿಲ್ಲುತ್ತೋ ಇಲ್ಲವೋ ಎಂದಳು. ನಿಲ್ಲುತ್ತೆ ಎಂದೆ. ಆಸಕ್ತಿ ಬಂದಿದೆ. ತಡವಾಗಿಯಾದರೂ ಬಂತಲ್ಲ, ಖುಷಿಯಾಯಿತು.

ಸೆಪ್ಟೆಂಬರ್ 20, ಶನಿವಾರ

ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವಾಗ ಕಂಬಕ್ಕೆ ತಾಗಿತು. ಕಂಬಕ್ಕೆ ರಬ್ಬರ್ ಕಟ್ಟಿದ್ದರಿಂದ ಬಚಾವ್. ಕಾವಲುಗಾರ ಓಡಿ ಬಂದು, ಏನಾಯ್ತು ಸಾರ್ ಎಂದ. ಬ್ರೇಕ್ ಎಂದೆ. ಎಲ್ಲರಿಗೂ ಅದೇ ಒಂದು ಪದ ಹೇಳಿ ಹೇಳಿ ಸಾಕಾಗಿದೆ.

ಪ್ಯಾಡ್ ಒಂದರಿಂದ ಆಗುವುದಿಲ್ಲ. ಮುಂದಿನ ಚಕ್ರಗಳ ಜೊತೆ ತಿರುಗುವ ದೊಡ್ಡ ಡಿಸ್ಕ್, ಪ್ಯಾಡ್ ಒತ್ತಿ ಅದನ್ನು ಹಿಡಿಯುವ ದೊಡ್ಡ ಕ್ಯಾಲಿಪರ್, ಹೊಸ ಬ್ರೇಕ್ ಆಯಿಲ್, ಆಯಿಲ್ ತಳ್ಳುವ ಸಿಲಿಂಡರ್ ಕೂಡ ದಪ್ಪನೆಯದು. ಅದು ದಪ್ಪವಾದಷ್ಟೂ ಪೆಡಲ್ ಗಟ್ಟಿ. ಕ್ಲಬ್ಬಿನ ಗೆಳೆಯರಿಗೆ ಫೋನ್ ಮಾಡಿದೆ. ಒಬ್ಬೊಬ್ಬರೂ ಒಂದೊಂದು ಕಂಪನಿಯ ಹೆಸರು ಹೇಳಿದರು, ಹಾಕಬೇಡ ಎಂದವರು ಒಬ್ಬರೂ ಇಲ್ಲ. ಈ ಹುಚ್ಚಿನವರ ಸ್ವಭಾವವೇ ಹಾಗೆ. ಮೈಗೆ ಹುಷಾರಿಲ್ಲ ಎಂದರೂ ಬೇರೆ ಬ್ರೇಕ್ ಹಾಕಿಸು ಎನ್ನುತ್ತಾರೆ.

ಪ್ರೊಫೆಸರ್ ಒಬ್ಬನೇ ರಾಗ ಎಳೆದ. ಕಂಪನಿ ಪ್ಯಾಡೇ ವಾಪಸ್ ಹಾಕಿದ್ರೆ ಕಾಲಿಗೆ ಹಗುರ ಆಗುತ್ತೆ ಡಾಕ್ಟ್ರೇ ಎಂದ. ಹಗುರ ಯಾರಿಗೆ ಬೇಕು, ನಾನೇನು ಡ್ರೈವಿಂಗ್ ಕಲಿಯಲು ಬಂದವನೇ ಎಂದು ರೇಗಿದೆ. ಪಾಪ, ಸಿಲಿಂಡರಿನ ಅಳತೆ ಬರೆದುಕೊಂಡ.

ಕ್ಲಿನಿಕ್ಕಿನಲ್ಲಿ ಇನ್ನೊಂದು ತಲೆನೋವು. ಹಲ್ಲು ಕೊರೆಯುವ ಯಂತ್ರಕ್ಕೂ ಕಾಲಿನ ಪೆಡಲ್ ತಾನೇ ಇರುವುದು. ಅದೂ ಎಳೆದಾಡುತ್ತಿದೆ, ಒತ್ತಿದರೂ ಪೂರ್ತಿ ವೇಗ ಬರುವುದಿಲ್ಲ. ಕಂಪನಿಯ ಹುಡುಗನನ್ನು ಕರೆಸಿದರೆ ಬೆರಳಲ್ಲಿ ಒತ್ತಿ ಗುಯ್ಯೆನ್ನಿಸಿ, ಚೆನ್ನಾಗಿದೆಯಲ್ಲ ಸಾರ್ ಎಂದು ಹೋದ. ಈಗಿನ ಕಾಲದಲ್ಲಿ ಯಾರಿಗೂ ಕೆಲಸ ಬೇಡವಾಗಿದೆ. ನಮ್ಮ ನರ್ಸ್, ಹಳೆಯವಳು, ಪೆಡಲನ್ನು ಎತ್ತಿ ನನ್ನ ಎಡಗಾಲಿನ ಕಡೆ ಇಟ್ಟಳು. ಯಾಕಮ್ಮ ಎಂದೆ. ಅಲ್ಲಿ ಒರೆಸೋಕೆ ಅನುಕೂಲ ಎಂದಳು.

ಸೆಪ್ಟೆಂಬರ್ 28, ಭಾನುವಾರ

ಹಾಕಿ ಆಯಿತು. ಚಕ್ರದ ಕಡ್ಡಿಗಳ ನಡುವಿನಿಂದ ಕ್ಯಾಲಿಪರಿನ ಕೆಂಪು ಬಣ್ಣ ಇಣುಕುತ್ತದೆ. ಡಿಸ್ಕ್ ಊಟದ ತಟ್ಟೆಗಿಂತ ದೊಡ್ಡದು. ಬೆಳಿಗ್ಗೆ ಎದ್ದವನೇ ಹಲ್ಲುಜ್ಜುವ ಮೊದಲು ಹೋಗಿ ನೋಡಿ ಬಂದೆ. ಇದನ್ನು ಯಾವ ರೋಗಿಗೂ ಹೇಳುವಂತಿಲ್ಲ.

ಹೆಂಡತಿಯನ್ನು ಕೂರಿಸಿಕೊಂಡು ನೀರಿನ ಟ್ಯಾಂಕಿನ ಕಡೆಗೆ ಹೋದೆ. ಪೆಡಲ್ ಗಟ್ಟಿ ಎಂದರೆ ಗಟ್ಟಿ, ಗೋಡೆ ಒತ್ತಿದ ಹಾಗಿದೆ. ಎರಡು ಕಡೆ ನಿಲ್ಲಬೇಕಾದಲ್ಲಿ ಸ್ವಲ್ಪ ಮುಂದೆ ಹೋಯಿತು, ಇನ್ನೂ ಪಳಗಿಲ್ಲ. ಆದರೆ ನಾನು ಬರೆಯಲು ಕೂತದ್ದು ಅದನ್ನಲ್ಲ.

ಇಳಿಜಾರು ಬಂದಾಗ ಅವಳು ತನ್ನ ಕೈಯನ್ನು ಮೆಲ್ಲಗೆ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಹ್ಯಾಂಡ್‌ಬ್ರೇಕಿನ ಹಿಡಿಯ ಮೇಲೆ, ನನ್ನ ತೊಡೆಗೆ ತಾಗಿಯೂ ತಾಗದ ಹಾಗೆ. ಮದುವೆಯಾದ ಹೊಸದರಲ್ಲಿ, ಆ ಮುರುಕಲು ಸ್ಕೂಟರಿನ ಮೇಲೆ ಹೀಗೆಯೇ ಯಾರಿಗೂ ಕಾಣದ ಹಾಗೆ ಸೊಂಟದ ಹತ್ತಿರ ಕೈಯಿಡುತ್ತಿದ್ದಳು. ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಹೋದಳು, ಕೈಯ ವಿಷಯ ಇಬ್ಬರಿಗೂ ಮರೆತೇಹೋಗಿತ್ತು. ಮನೆ ತಲುಪುವವರೆಗೂ ತೆಗೆಯಲಿಲ್ಲ. ನಾನು ನೋಡಿದ್ದೇನೆಂದು ತೋರಿಸಿಕೊಳ್ಳಲಿಲ್ಲ. ತೋರಿಸಿದ್ದರೆ ನಾಚಿಕೊಂಡು ತೆಗೆದುಬಿಡುತ್ತಿದ್ದಳು.

ಸವತಿಯೇ ನಮ್ಮನ್ನು ಮತ್ತೆ ಒಂದು ಮಾಡಿದಳು ಎಂದು ಹೇಳಿ ಅವಳನ್ನು ರೇಗಿಸಬೇಕು. ಇನ್ನೊಂದು ದಿನ.

ಅಕ್ಟೋಬರ್ 3, ಶುಕ್ರವಾರ

ಮೆಟ್ಟಿಲಲ್ಲಿ ಜಾರಿದೆ. ಒದ್ದೆಯಿತ್ತು. ಹೆಂಡತಿ ಒಣಗಿತ್ತು ಎನ್ನುತ್ತಾಳೆ.

ಬಲಗಾಲಿನ ಸಾಕ್ಸ್ ಜಾರಿ ಜಾರಿ ಪಾದಕ್ಕೆ ಬರುತ್ತಿದೆ. ಹೊಸ ಜೊತೆ ತಂದೆ, ಅದೂ ಜಾರುತ್ತದೆ. ಎಲಾಸ್ಟಿಕ್ಕಿನಲ್ಲೂ ಮೋಸ.

ಅಕ್ಟೋಬರ್ 9, ಗುರುವಾರ

ನ್ಯಾಯಾಧೀಶರು ಸೋತು ಬಂದರು. ಮೇಲಿನ ಹಲ್ಲಿಗೆ ಚಿಕಿತ್ಸೆ ಮಾಡಿದೆ, ಕೆಳಗಿನ ನೋವು ಮಾಯ. ಕನ್ನಡಿ ಹಿಡಿದು ಎರಡೂ ಹಲ್ಲು ನೋಡಿಕೊಂಡು, ಇಷ್ಟು ದಿನ ನಿರಪರಾಧಿಯನ್ನು ಹಿಡಿದುಕೊಂಡು ಕೂತಿದ್ದೆನಲ್ಲ ಎಂದು ನಕ್ಕರು. ಊಟದ ಹೊತ್ತಿನಲ್ಲಿ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ನಾನೇ ಬಿದ್ದು ಬಿದ್ದು ನಕ್ಕೆ. ಹೆಂಡತಿ ನಗಲಿಲ್ಲ. ಚಮಚ ಕೆಳಗಿಟ್ಟು ನನ್ನನ್ನೇ ನೋಡಿದಳು.

ಆಮೇಲೆ ಶುರುವಾಯಿತು. ಕಾಲು ಯಾರಿಗಾದರೂ ತೋರಿಸಬೇಕಂತೆ. ನಡೆಯುವಾಗ ಬಲಗಾಲು ಸಪ್ಪಳ ಮಾಡುತ್ತದಂತೆ, ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಬೆರಳ ಮೇಲೆ ನಿಲ್ಲಲಾರದೆ ಕುರ್ಚಿ ಎಳೆದುಕೊಂಡೆನಂತೆ. ವಯಸ್ಸಾಯಿತು, ಎಲ್ಲರ ಕಾಲೂ ಸಪ್ಪಳ ಮಾಡುತ್ತದೆ ಎಂದೆ. ಮಗಳಿಗೂ ಫೋನ್ ಮಾಡಿ ಹೇಳಿದ್ದಾಳಂತೆ. ಅದಕ್ಕೆ ನನಗೆ ಪಿತ್ತ ನೆತ್ತಿಗೇರಿತು. ಓಟ ಮುಗಿಯಲಿ ಎಂದು ಕೂಗಿ ಎದ್ದೆ. ಎದ್ದ ರಭಸಕ್ಕೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಅವಳು ಅದನ್ನೂ ನೋಡಿದಳು.

ನೋಡುವುದೊಂದೇ ಕೆಲಸವಾಗಿದೆ ಅವಳಿಗೆ.

ಅಕ್ಟೋಬರ್ 12, ಭಾನುವಾರ

ಇದನ್ನು ಬರೆಯಲು ಮೂರನೇ ಸಲ ಕೂತಿದ್ದೇನೆ. ಅಕ್ಷರ ನೋಡಿದರೆ ನನಗೇ ಗುರುತಾಗುವುದಿಲ್ಲ.

ನೀರಿನ ಟ್ಯಾಂಕಿನಿಂದ ಕೆಳಗೆ ಬರುವ ರಸ್ತೆ. ಕೊನೆಗೆ ಅದು ಅಡ್ಡರಸ್ತೆಗೆ ಸೇರುತ್ತದೆ, ಎದುರಿಗೆ ಹೊಸ ಕಟ್ಟಡಗಳು. ಭಾನುವಾರ ಬೆಳಿಗ್ಗೆ ಯಾರೂ ಇರುವುದಿಲ್ಲವೆಂದೇ ಅಲ್ಲಿಗೆ ಹೋಗುವುದು. ಇವತ್ತು ಯಾರೋ ಮನೆ ಬದಲಿಸುತ್ತಿದ್ದರು. ಲಾರಿ ನಿಂತಿತ್ತು. ಇಬ್ಬರು ಗಂಡಸರು ದೊಡ್ಡದೊಂದು ಹಾಸಿಗೆಯನ್ನು ನಿಲ್ಲಿಸಿ ಹೊತ್ತುಕೊಂಡು ರಸ್ತೆ ದಾಟುತ್ತಿದ್ದರು. ನಮಗೆ ಅವರ ಕಾಲು ಮಾತ್ರ ಕಾಣುತ್ತಿತ್ತು, ಅವರಿಗೆ ನಾವು ಕಾಣುವಂತೆಯೇ ಇರಲಿಲ್ಲ.

ಬೇಕಾದಷ್ಟು ದೂರವಿತ್ತು. ಒತ್ತಿದೆ. ಪೆಡಲ್ ನಾನು ಕೇಳಿ ಹಾಕಿಸಿಕೊಂಡಷ್ಟೇ ಗಟ್ಟಿಯಾಗಿ ನಿಂತುಕೊಂಡಿತು. ಕ್ಲಚ್ಚಿನ ಮೇಲಿದ್ದ ಎಡಗಾಲು ಸರಾಗವಾಗಿ ತಳ ಮುಟ್ಟಿತು. ಬಲಗಾಲಿಗೆ ಹೇಳಿದೆ. ಮತ್ತೆ ಹೇಳಿದೆ. ಹೇಳಿದ್ದು ಮೊಣಕಾಲಿನವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಪಾದ ಪೆಡಲಿನ ಮೇಲೆ ಯಾರದೋ ಪಾದದ ಹಾಗೆ ಕೂತಿತ್ತು. ಹಾಸಿಗೆಯ ಮೇಲಿನ ನೀಲಿ ಹೂಗಳು ದೊಡ್ಡದಾಗುತ್ತಾ ಬಂದವು.

ಹೆಂಡತಿ ಹ್ಯಾಂಡ್‌ಬ್ರೇಕ್ ಎಳೆದಳು. ಗಾಬರಿಯಿಂದ ಒಮ್ಮೆಲೇ ಕಿತ್ತು ಎಳೆದದ್ದಲ್ಲ. ಹಿಡಿಯ ತುದಿಯ ಗುಂಡಿ ಒತ್ತಿಕೊಂಡೇ ಎಳೆದಳು, ಹಿಂಭಾಗ ಅಡ್ಡ ಹೋಗುತ್ತಿದ್ದಂತೆ ಸ್ವಲ್ಪ ಬಿಟ್ಟಳು, ಮತ್ತೆ ಎಳೆದಳು. ಕಾರು ಕಿರುಚಿಕೊಂಡು ಓರೆಯಾಗಿ ನಿಂತಿತು. ಹಾಸಿಗೆಗೂ ನಮಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಆ ಇಬ್ಬರೂ ಹಾಸಿಗೆಯನ್ನು ರಸ್ತೆಯಲ್ಲೇ ಕೆಡವಿ, ಅದರ ಆಚೆ ನಿಂತು ನಮ್ಮನ್ನು ನೋಡಿದರು. ಅವರಲ್ಲೊಬ್ಬ ನನ್ನ ಅಳಿಯನ ವಯಸ್ಸಿನವನು.

ನಿಲ್ಲಿಸಿದ್ದು ಹಿಂದಿನ ಚಕ್ರಗಳ ಹಳೆಯ ಬ್ರೇಕ್. ಇಡೀ ಕಾರಿನಲ್ಲಿ ನಾನು ಮುಟ್ಟದೆ ಬಿಟ್ಟಿದ್ದ ಬ್ರೇಕ್ ಎಂದರೆ ಅದೊಂದೇ.

ಅವಳ ಕೈ ಹಿಡಿಯ ಮೇಲೆಯೇ ಇತ್ತು, ಬೆರಳುಗಳು ಬೆಳ್ಳಗಾಗಿದ್ದವು. ಬ್ರೇಕ್ ಎಂದು ನಾನೇ ಶುರು ಮಾಡಿದೆ.

"ನೋವು ಒಂದು ಕಡೆ, ಹುಳುಕು ಇನ್ನೊಂದು ಕಡೆ ಅಂತ ಊರಿಗೆಲ್ಲ ಹೇಳ್ತೀರಲ್ಲ," ಎಂದಳು. ಧ್ವನಿ ಏರಿಸಲಿಲ್ಲ. "ಹುಳುಕು ಬ್ರೇಕಲ್ಲಿಲ್ಲ ರೀ."

ಅಕ್ಟೋಬರ್ 13, ಸೋಮವಾರ

ಕ್ಲಿನಿಕ್ಕಿಗೆ ಹೋಗಲಿಲ್ಲ. ಅವಳು ಶಾಲೆಗೆ ಹೋದ ಮೇಲೆ ಪ್ರೊಫೆಸರಿಗೆ ಫೋನ್ ಮಾಡಿದೆ. ಬ್ರೇಕ್ ಆಯಿಲಿನೊಳಗೆ ಗಾಳಿ ಸೇರಿರಬಹುದು, ಬಂದು ನೋಡು ಎಂದೆ. ನನ್ನ ಮಾತು ನನಗೇ ನ್ಯಾಯಾಧೀಶರ ಮಾತಿನ ಹಾಗೆ ಕೇಳಿಸಿತು, ಆದರೂ ಹೇಳಿ ಮುಗಿಸಿದೆ.

ಅತ್ತ ಕಡೆ ಅವನು ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು. "ಗಾಳಿ ಇಲ್ಲ ಡಾಕ್ಟ್ರೇ. ನಾನು ಓಡಿಸಿದ್ರೆ ಮೊದಲಿನ ದಿನದಿಂದಾನೂ ಚೆನ್ನಾಗೇ ನಿಲ್ತಿತ್ತು. ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

ಆಮೇಲೆ ಉಳಿದದ್ದೂ ಹೊರಬಂತು. ರೇಸಿನ ಪ್ಯಾಡ್ ಹಾಕಿದ ವಾರವೇ ನನ್ನ ಹೆಂಡತಿ ಗ್ಯಾರೇಜಿಗೆ ಹೋಗಿದ್ದಳಂತೆ. ಓಡುವ ಕಾರನ್ನು ಪಕ್ಕದ ಸೀಟಿನಿಂದ ನಿಲ್ಲಿಸುವುದು ಹೇಗೆ ಎಂದು ಕೇಳಿದಳಂತೆ. ಗೋಡೌನಿನ ಹಿಂದಿನ ರಸ್ತೆಯಲ್ಲಿ ತನ್ನ ಚಿಕ್ಕ ಕಾರನ್ನು ಇವನ ಕೈಗೆ ಕೊಟ್ಟು, ತಾನು ಪಕ್ಕದಲ್ಲಿ ಕೂತು, ಸರಿಯಾಗಿ ಬರುವವರೆಗೂ ಹ್ಯಾಂಡ್‌ಬ್ರೇಕ್ ಎಳೆದೆಳೆದು ಕಲಿತಳಂತೆ. ಅಂಗೈಯಲ್ಲಿ ಬೊಬ್ಬೆ ಬಂದಿತ್ತಂತೆ. ಡಾಕ್ಟರಿಗೆ ಹೇಳಬೇಡ ಎಂದಿದ್ದಳಂತೆ.

ಆ ಬೊಬ್ಬೆ ನಾನು ನೋಡಿದ್ದೆ. ಇಸ್ತ್ರಿಪೆಟ್ಟಿಗೆ ತಾಗಿತು ಎಂದಿದ್ದಳು.

ಫೋನ್ ಇಟ್ಟ ಮೇಲೆ ಆ ಕೈ ನೆನಪಾಯಿತು. ನನ್ನ ತೊಡೆಯ ಪಕ್ಕ ಬಂದು ಕೂತಿದ್ದ ಕೈ. ಅದನ್ನು ನಾನು ಏನೆಂದು ತಿಳಿದು ಇಲ್ಲಿ ಬರೆದಿದ್ದೇನೆಂದು ನೋಡಲು ಪುಟ ತಿರುಗಿಸಿದೆ. ಓದಲಾಗಲಿಲ್ಲ. ಮುಜುಗರಕ್ಕೋ ಸಿಟ್ಟಿಗೋ, ಮಧ್ಯಾಹ್ನದವರೆಗೂ ಅಳು ಬಂತು. ಇಷ್ಟು ವಯಸ್ಸಾದ ಗಂಡಸು ಹಗಲು ಹೊತ್ತಿನಲ್ಲಿ ಸೋಫಾದ ಮೇಲೆ ಕೂತು ಅಳುವುದನ್ನು ಸದ್ಯ ಯಾರೂ ನೋಡಲಿಲ್ಲ.

ಅಕ್ಟೋಬರ್ 20, ಸೋಮವಾರ

ನರರೋಗದ ಆಸ್ಪತ್ರೆ. ವೈದ್ಯೆ ಸಣ್ಣ ವಯಸ್ಸಿನವಳು, ಚಕ್ರದ ಕುರ್ಚಿಯ ಮೇಲೆ ಕೂತು ನನ್ನ ಪಾದದ ಎದುರಿಗೆ ಬಂದಳು. ಅಂಗಾಲಿಗೆ ಅಂಗೈ ಇಟ್ಟು, ಗಾಡಿಯ ಬ್ರೇಕ್ ಒತ್ತಿದ ಹಾಗೆ ಒತ್ತಿ ಎಂದಳು. ಎಲ್ಲರಿಗೂ ಹಾಗೇ ಹೇಳುತ್ತಾಳೋ ಏನೋ. ಎಡಗಾಲಿನಲ್ಲಿ ಒತ್ತಿದೆ, ಅವಳ ಕುರ್ಚಿ ಹಿಂದಕ್ಕೆ ಉರುಳಿತು, ನಕ್ಕಳು. ಬಲಗಾಲಿಗೆ ಬಂದಳು.

"ಒತ್ತಿ ಸರ್."

"ಒತ್ತುತ್ತಾ ಇದೀನಿ."

"ಪೂರ್ತಿ ಶಕ್ತಿ ಹಾಕಿ."

ಹಾಕಿದ್ದೆ. ಕುತ್ತಿಗೆಯ ನರ ಉಬ್ಬುವಷ್ಟು ಹಾಕಿದ್ದೆ. ಅವಳ ಅಂಗೈ ಇದ್ದಲ್ಲೇ ಇತ್ತು. ಅವಳು ನಗುವುದನ್ನು ನಿಲ್ಲಿಸಿದ್ದಳು. ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಇಷ್ಟು ದಿನ ನೋಡುತ್ತಲೇ ಇದ್ದವಳು, ಇವತ್ತು ನೋಡಲಿಲ್ಲ.

ಸೂಜಿ ಚುಚ್ಚಿ ಪರದೆಯ ಮೇಲೆ ಗೀಟು ನೋಡಿದರು. ಕಾಲಿಗೆ ಹೋಗುವ ನರಗಳು ಒಣಗುತ್ತಿವೆಯಂತೆ. ಬಲಗಾಲಿನಲ್ಲಿ ಹೋದ ಶಕ್ತಿ ಮರಳಿ ಬರುವುದಿಲ್ಲ. ಮುಂದೆ ಎಡಗಾಲಿಗೂ ಬರಬಹುದು, ಯಾವಾಗ ಎಂದು ಹೇಳಲಾಗದು. ನಿಲ್ಲಿಸಲು ಔಷಧಿಯಿಲ್ಲ, ನಿಧಾನ ಮಾಡಲು ಇದೆ. ಕಾರು ಓಡಿಸುತ್ತೀರಾ ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ, ಇನ್ನು ಬೇಡ ಎಂದಳು.

ಸಾವಿರಾರು ಜನಕ್ಕೆ ಕುರ್ಚಿಯಲ್ಲಿ ಒರಗಿಸಿ ಕೆಟ್ಟ ಸುದ್ದಿ ಹೇಳಿದ್ದೇನೆ. ಹಲ್ಲಾದರೆ ಕಿತ್ತು ಬೇರೆ ಕಟ್ಟಬಹುದು. ಕೇಳುವಾಗ ಎಲ್ಲರೂ ಯಾಕೆ ಚಾವಣಿ ನೋಡುತ್ತಾರೆ ಎಂದು ಇವತ್ತು ಗೊತ್ತಾಯಿತು.

ಅಕ್ಟೋಬರ್ 23, ಗುರುವಾರ

ಏನೂ ಇಲ್ಲ.

ಅಕ್ಟೋಬರ್ 29, ಬುಧವಾರ

ಕಾರು ಮಾರೋಣ ಎಂದೆ. ಹೆಂಡತಿ ಪಾತ್ರೆ ಒರೆಸುತ್ತಿದ್ದವಳು, ಮಾರಿದ್ರೆ ಭಾನುವಾರ ಪೂರ್ತಿ ನನ್ನ ತಲೆ ತಿಂತೀರ, ಬೇಡ ಎಂದಳು. ಹಾಗಾದರೆ ಅದು ಸುಮ್ಮನೆ ನಿಂತು ಏನು ಮಾಡಬೇಕು ಎಂದೆ. ಅದಕ್ಕೆ ಅವಳು, ಓಟಕ್ಕೆ ಇಬ್ಬರು ಬರ್ತೀವಿ ಅಂತ ಹೆಸರು ಕೊಟ್ಟಾಗಿದೆ, ಯಾರು ಯಾವ ಸೀಟಲ್ಲಿ ಅಂತ ಬರೆದಿಲ್ಲವಲ್ಲ ಎಂದಳು.

ಗ್ಯಾರೇಜಿಗೆ ಅವಳೇ ಓಡಿಸಿಕೊಂಡು ಬಂದಳು, ಚಿಕ್ಕ ಕಾರಿನ ಅಭ್ಯಾಸದಲ್ಲಿ ಮೂರು ಸಲ ಇಂಜಿನ್ ಆರಿಸಿದಳು. ಬ್ರೇಕ್ ಒತ್ತಲು ಸೀಟಿನಿಂದ ಅರ್ಧ ಏಳುತ್ತಿದ್ದಳು. ನನ್ನ ಗಟ್ಟಿ ಪೆಡಲ್! ಪ್ರೊಫೆಸರಿಗೆ ಎಲ್ಲ ಬಿಚ್ಚು ಎಂದೆ. ದೊಡ್ಡ ಡಿಸ್ಕ್, ಕೆಂಪು ಕ್ಯಾಲಿಪರ್, ದಪ್ಪ ಸಿಲಿಂಡರ್, ಎಲ್ಲ. ಅವನು ನನ್ನ ಮುಖ ನೋಡಲಾರದೆ ಸ್ಪ್ಯಾನರ್ ಹುಡುಕುವ ನಾಟಕ ಮಾಡಿದ.

ಮತ್ತೆ ಮೂರು ಪ್ಯಾಡ್ ಮೇಜಿಗೆ ಬಂದವು. ಈ ಸಲ ನಾನು ಅವಸರ ಮಾಡಲಿಲ್ಲ. ಕಂಪನಿಯ ಪ್ಯಾಡ್ ಬೆಟ್ಟ ಇಳಿಯುವಾಗ ಕಾದು ಸೋಲುತ್ತದೆ, ಅದು ಬೇಡ. ರೇಸಿನದು ಅವಳಿಗೆ ವೈರಿ. ನಡುವಿನದರಲ್ಲೇ ತಣ್ಣಗಿದ್ದಾಗಲೂ ಹಿಡಿಯುವಂಥದ್ದನ್ನು ಆರಿಸಿದೆ. ಹಾಕಿದ ಮೇಲೆ ಅವಳನ್ನು ಕೂರಿಸಿ, ಬಾಗಿಲ ಪಕ್ಕ ನೆಲದ ಮೇಲೆ ಕೂತು ಅವಳ ಕಾಲನ್ನೇ ನೋಡಿದೆ. ಒತ್ತು, ಬಿಡು, ಮತ್ತೆ ಒತ್ತು. ಮೊಣಕಾಲಿಗೆ ಭಾರ ಬೀಳುತ್ತಿದೆಯಾ? ಸೀಟು ಒಂದು ಹಲ್ಲು ಮುಂದೆ ತಾ. ಈಗ? ಚಪ್ಪಲಿ ಬೇಡ, ಶೂ ಹಾಕು. ಈಗ? ಹೂಗುಟ್ಟುವ ನೆಂಟನ ಹಾಗೆ ಮೆತ್ತಗಿತ್ತು ಪೆಡಲ್. ಇನ್ನೂ ಸ್ವಲ್ಪ ಹಗುರ ಆಗುತ್ತಾ ಎಂದು ಪ್ರೊಫೆಸರನ್ನು ಕೇಳಿದೆ.

ನೆಲದಿಂದ ಏಳಲು ಇಬ್ಬರೂ ಕೈಕೊಟ್ಟರು. ಕೊಟ್ಟ ಕೈ ಹಿಡಿದುಕೊಂಡೆ, ಬೇರೆ ದಾರಿಯಿರಲಿಲ್ಲ.

ನವೆಂಬರ್ 2, ಭಾನುವಾರ

ಎಲ್ಲರಿಗಿಂತ ಕೊನೆಗೆ ಬಂದೆವು. ಕೊನೆಗೆ ಎಂದರೆ ಎಷ್ಟು ಕೊನೆಗೆ ಎಂದರೆ, ಸಮಯ ಬರೆದುಕೊಳ್ಳುವವನು ಮಡಿಚಿದ ಕುರ್ಚಿಯನ್ನು ಮತ್ತೆ ಬಿಡಿಸಿ ಕೂತ. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಕೆಲವರಿಗೆ ವಿಷಯ ಗೊತ್ತು, ಅವರು ಜೋರಾಗಿ ತಟ್ಟಿದರು. ನನಗೆ ಅದು ಬೇಕಿರಲಿಲ್ಲ.

ಹತ್ತುವಾಗ ಚಿಂತೆಯಿರಲಿಲ್ಲ. ಇಳಿಯುವಾಗ ಪ್ರತಿ ತಿರುವಿಗೂ ನನ್ನ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು. ಒತ್ತುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು, ಅಷ್ಟೇ. ನೋಡಿದರೆ ಪಾದ ಇದ್ದಲ್ಲೇ ಇರುತ್ತಿತ್ತು, ಕಾರು ಮಾತ್ರ ನಿಧಾನವಾಗುತ್ತಿತ್ತು, ಅವಳು ಒತ್ತಿದ್ದರಿಂದ. ಇನ್ನು ಮೇಲೆ ಹೀಗೇ. ಇದಕ್ಕೆ ನಾನು ಮಾಡುವಂಥದ್ದು ಏನೂ ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ದೊಡ್ಡ ತಿರುವಿನಲ್ಲಿ ಅವಳು ಸ್ವಲ್ಪ ವೇಗವಾಗಿ ಬಂದಳು. ತಿರುವು ದಾಟಿದ ಮೇಲೆ ನೋಡಿಕೊಂಡರೆ ನನ್ನ ಕೈ ಹ್ಯಾಂಡ್‌ಬ್ರೇಕಿನ ಹಿಡಿಯ ಮೇಲಿತ್ತು. ಯಾವಾಗ ಹೋಗಿ ಕೂತಿತೋ ಗೊತ್ತಿಲ್ಲ. ನಾಚಿಕೆಯಾಗಿ ತೆಗೆಯಲು ಹೋದೆ.

"ಇರ್ಲಿ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಅಲ್ಲೇ ಇರ್ಲಿ."

ಕೆಳಗೆ ತಲುಪುವವರೆಗೂ ತೆಗೆಯಲಿಲ್ಲ.